ಸೊಲ್ಲು ಎತ್ತುವವಳು

ಮಗಳಿಗೆ ಏಳು ತಿಂಗಳು ತುಂಬುತ್ತಿದ್ದಾಗ ಫೋನ್ ಮಾಡಿ ಒಂದೇ ಮಾತು ಹೇಳಿದಳು. "ಸೀಮಂತಕ್ಕೆ ನೀನೇ ಹಾಡಬೇಕು ಅಮ್ಮ. ಇಲ್ಲಾಂದ್ರೆ ನಾನು ಹಸೆ ಮೇಲೆ ಕೂರೋದೇ ಇಲ್ಲ." ಸೀರೆ ಯಾವುದು, ಬಳೆ ಎಷ್ಟು ಡಜನ್, ಯಾರನ್ನು ಕರೆಯಬೇಕು, ಇದಾವುದೂ ಅವಳಿಗೆ ಬೇಕಾಗಿರಲಿಲ್ಲ. ನಾನು "ನೋಡೋಣ" ಎಂದೆ. ಅವಳ ಅಪ್ಪ ಹೋಗಿ ವರ್ಷದ ತಿಥಿ ಮುಗಿದಿತ್ತಷ್ಟೆ. "ನಿನ್ನ ನೋಡೋಣ ಅಂದ್ರೆ ಇಲ್ಲ ಅಂತ. ನಂಗೊತ್ತಿಲ್ವಾ?" ಎಂದು ಫೋನ್ ಇಟ್ಟಳು. ಬಾಯಿ ಜೋರು. ಯಾರನ್ನು ದೂರಲಿ, ನನ್ನದೇ ಮಗಳು.

ಹಾಡುವುದೆಂದರೆ ಕಛೇರಿ ಅಲ್ಲ. ಸರಿಗಮ ನನಗೆ ಬರುವುದಿಲ್ಲ, ಶ್ರುತಿಪೆಟ್ಟಿಗೆಯನ್ನು ಕೈಯಲ್ಲಿ ಮುಟ್ಟಿದವಳೂ ಅಲ್ಲ. ಬಂಗಾರಪೇಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಅಜ್ಜಿ ಮದುವೆಮನೆಗಳಲ್ಲಿ ಹಾಡುತ್ತಿದ್ದುದನ್ನು ಅವಳ ಸೆರಗು ಹಿಡಿದು ಕೂತು ಕೇಳಿದ್ದೆ, ಅಷ್ಟೇ ನನ್ನ ವಿದ್ಯೆ. ಅರ್ಧ ಕನ್ನಡ, ಅರ್ಧ ತೆಲುಗು. ಹಸೆಗೆ ಕರೆಯುವುದಕ್ಕೊಂದು, ಅರಿಶಿನ ಹಚ್ಚುವುದಕ್ಕೊಂದು, ಬಳೆ ತೊಡಿಸುವುದಕ್ಕೊಂದು, ಮಡಿಲು ತುಂಬುವುದಕ್ಕೊಂದು, ತೊಟ್ಟಿಲಿಗೆ ಹಾಕುವುದಕ್ಕೊಂದು. ಕೆ.ಜಿ.ಎಫ್.ನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರನ್ನು ಮದುವೆಯಾಗಿ ಅಲ್ಲಿನ ಕ್ವಾರ್ಟರ್ಸಿಗೆ ಬಂದಾಗ ಈ ಹಾಡುಗಳನ್ನು ಹಳ್ಳಿಯಲ್ಲೇ ಬಿಟ್ಟು ಬಂದೆ ಎಂದುಕೊಂಡಿದ್ದೆ. ಅಲ್ಲಿ ಎಲ್ಲರೂ ಓದಿದವರ ಹೆಂಡಂದಿರು. ನನ್ನ ಮಾತಿನಲ್ಲಿ 'ಹ'ಕಾರ ಬಿದ್ದುಹೋದಾಗಲೆಲ್ಲ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಗುವವರು.

ಕ್ವಾರ್ಟರ್ಸ್ ಎಂದರೆ ಇಡೀ ಕರ್ನಾಟಕವನ್ನು ಜರಡಿ ಹಿಡಿದು ಸುರಿದ ಜಾಗ. ನಮ್ಮ ಸಾಲಿನಲ್ಲಿ ಹುಬ್ಬಳ್ಳಿಯವರು, ಮಂಡ್ಯದವರು, ಉಡುಪಿಯವರು, ಬಳ್ಳಾರಿಯವರು. ಹೊರಗೆ ಊರೆಲ್ಲ ತಮಿಳು, ಸಂತೆಯಲ್ಲಿ ತೆಲುಗು. ಒಮ್ಮೆ ಒಂದು ಮನೆಯಲ್ಲಿ ನಾಮಕರಣ. ತೊಟ್ಟಿಲ ಹಾಡು ಯಾರಾದರೂ ಹೇಳಿ ಎಂದರು. ಹುಬ್ಬಳ್ಳಿಯವರು ತಮ್ಮ ಕಡೆಯದು ಶುರು ಮಾಡಿದರು, ಜೊತೆಗೆ ಸೇರಲು ಯಾರಿಗೂ ಬರಲಿಲ್ಲ. ಉಡುಪಿಯವರು ತಮ್ಮದು ಹೇಳಿದರು, ಅದೂ ಒಂಟಿಯಾಯಿತು. ತೊಟ್ಟಿಲು ತೂಗುವವರ ಕೈ ನಿಂತೇಹೋಯಿತು. ಆಗ ನಾನು, ಹೇಗೆ ಧೈರ್ಯ ಬಂತೋ, ಅಜ್ಜಿಯ ಹಾಡೊಂದನ್ನು ಎತ್ತಿಬಿಟ್ಟೆ. ನಮ್ಮ ಕಡೆ ಅದಕ್ಕೊಂದು ಪದ್ಧತಿಯಿದೆ. ಒಬ್ಬಳು ಸೊಲ್ಲು ಎತ್ತುತ್ತಾಳೆ, ಅಂದರೆ ಸಾಲಿನ ಮೊದಲ ಅರ್ಧ ಹೇಳುತ್ತಾಳೆ. ಉಳಿದರ್ಧ ಎಲ್ಲ ಸಾಲಿಗೂ ಒಂದೇ, ಅದನ್ನು ಮಿಕ್ಕವರು ಹಿಡಿದು ವಾಪಸು ಕೊಡುತ್ತಾರೆ. ಒಂದು ಸಲ ಕೇಳಿದರೆ ಮಗುವಿಗೂ ಹಿಡಿಯಲು ಬರುತ್ತದೆ. ಎರಡನೇ ಸಾಲಿಗೆ ಹುಬ್ಬಳ್ಳಿಯವರು ಹಿಡಿದರು, ಮೂರನೆಯದಕ್ಕೆ ಇಡೀ ಕೋಣೆ ಹಿಡಿಯಿತು.

ಹೀಗೆ ಶುರುವಾದ ಗುಂಪಿಗೆ ಹೆಸರಿರಲಿಲ್ಲ. ಅಧ್ಯಕ್ಷೆ ಇಲ್ಲ, ಕಾರ್ಯದರ್ಶಿ ಇಲ್ಲ, ಸಂಘ ಎಂದು ಬೋರ್ಡು ಬರೆಸಿ ರವಿಕೆ ಕಣ ಹಂಚುವ ಬಾಬತ್ತೂ ಇಲ್ಲ. "ಹಾಡೋರಿಗೆ ಹೇಳಿದ್ರಾ?" ಎಂದು ಯಾರಾದರೂ ಕೇಳಿದರೆ ಅದು ನಾವು. ಹುಬ್ಬಳ್ಳಿಯವರು ಎಲ್ಲರಿಗಿಂತ ಹಿರಿಯರು, ಮಾತು ಗಡುಸು, ಕರುಳು ಮೆತ್ತಗೆ. ಮಂಡ್ಯದವಳು ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಿದ್ದಳು, ಎಲ್ಲವನ್ನೂ ಫೋನಿನಲ್ಲಿ ಹಿಡಿದಿಡುವ ಹುಚ್ಚು ಅವಳಿಗೆ. ಇನ್ನುಳಿದವರು ಬರುತ್ತಿದ್ದರು, ವರ್ಗವಾದಾಗ, ನಿವೃತ್ತಿಯಾದಾಗ ಹೋಗುತ್ತಿದ್ದರು. ನಾನು ಮಾತ್ರ ಖಾಯಂ. ಸೀಮಂತ, ನಾಮಕರಣ, ಆರತಿ ಶಾಸ್ತ್ರ, ಯಾವುದಿರಲಿ, ಬಾಗಿಲ ಹತ್ತಿರ ನನ್ನ ಚಪ್ಪಲಿ ಕಂಡರೆ ಮನೆಯವರ ಮುಖ ಅರಳುತ್ತಿತ್ತು. ಅದು ನನಗೆ ಎಷ್ಟು ಇಷ್ಟವಾಗುತ್ತಿತ್ತು ಎಂದು ಈಗ ಹೇಳಲು ನಾಚಿಕೆಯೇನಿಲ್ಲ. ಹಕಾರ ಬಿದ್ದರೂ ಯಾರೂ ನಗುತ್ತಿರಲಿಲ್ಲ.

ಒಂದು ವಿಷಯ ಯಾರ ತಲೆಗೂ ಹೊಳೆಯಲಿಲ್ಲ. ಅಷ್ಟು ವರ್ಷ ಹಾಡಿದರೂ ಅವರೆಲ್ಲ ಕಲಿತದ್ದು ಹಿಡಿಯುವ ಅರ್ಧವನ್ನು ಮಾತ್ರ. ಎತ್ತುವ ಅರ್ಧ ನನ್ನೊಬ್ಬಳ ಬಾಯಲ್ಲೇ ಉಳಿಯಿತು. ಕಲಿಸಿ ಎಂದು ಅವರು ಕೇಳಲಿಲ್ಲ, ಕಲಿಯಿರಿ ಎಂದು ನಾನು ಹೇಳಲಿಲ್ಲ. ನಾನಿರುವಾಗ ಕಲಿಯುವ ಅಗತ್ಯವೇನಿತ್ತು?

ಮಗಳ ಮದುವೆ ಬಂಗಾರಪೇಟೆಯ ಒಂದು ಛತ್ರದಲ್ಲಿ ಆಯಿತು. ಬೀಗರು ಹತ್ತಿರದ ಹಳ್ಳಿಯವರು, ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ಜನ. ಅಳಿಯ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಬರುವವನು. ಮದುವೆಗೆ ವಾರ ಇರುವಾಗ ನಮ್ಮ ಮನೆಯ ನಡುಮನೆಯಲ್ಲಿ ಗುಂಪು ಸೇರಿತು. ಮಂಡ್ಯದವಳು ಫೋನನ್ನು ಮೇಜಿನ ಮೇಲೆ ಒಂದು ಲೋಟಕ್ಕೆ ಒರಗಿಸಿಟ್ಟು, "ಎಲ್ಲಾ ಹಾಡೂ ಒಂದ್ಸಲ ಹೇಳಿಬಿಡಿ ಅಕ್ಕ. ನೀವು ಊರಿಗೆ ಹೋದಾಗ ನಮ್ಗೆ ಬೇಕಾಯ್ತದೆ" ಎಂದಳು. ಹೇಳಿದೆ. ನಮ್ಮವರು ಅಡುಗೆಮನೆಯಲ್ಲಿ ನಿಂತು ತಾವೇ ಎಲ್ಲರಿಗೂ ಕಾಫಿ ಬೆರೆಸಿದರು. ಸಕ್ಕರೆ ಜಾಸ್ತಿ ಹಾಕಿದ್ದರು. ಯಾರೂ ಏನೂ ಅನ್ನದೆ ಕುಡಿದರು.

ಮರುವರ್ಷ ನಮ್ಮವರು ಬೆಳಗಿನ ಪಾಳಿಗೆ ಹೊರಟವರು ರಸ್ತೆಯ ತಿರುವಿನಲ್ಲೇ ಎದೆ ಹಿಡಿದುಕೊಂಡು ಕೂತರಂತೆ. ಕೂತವರು ಏಳಲಿಲ್ಲ. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ.

ಆ ಹನ್ನೊಂದು ದಿನ ಗುಂಪಿನವರು ನನ್ನನ್ನು ಬಿಟ್ಟು ಕದಲಲಿಲ್ಲ, ಅದನ್ನು ಹೇಳದಿದ್ದರೆ ಬಾಯಿಗೆ ಹುಳ ಬೀಳುತ್ತದೆ. ಹುಬ್ಬಳ್ಳಿಯವರು ನನಗೆ ತುತ್ತು ಮಾಡಿ ಉಣ್ಣಿಸಿದರು. ಬಳೆ ತೆಗೆಯುವ ಶಾಸ್ತ್ರಕ್ಕೆ ಊರಿನ ಹೆಂಗಸರು ಬಂದಾಗ, "ಏನ್ ಶಾಸ್ತ್ರ ಅದು, ಸುಡುಗಾಡು ಶಾಸ್ತ್ರ! ಸುಮ್ನ ಕುಂದರ್ರಿ" ಎಂದು ಗದರಿದವರೂ ಅವರೇ. ಆದರೂ ಬಳೆ ಹೋಯಿತು. ಹಣೆಗೆ ಒಂದು ಕಪ್ಪು ಸ್ಟಿಕ್ಕರ್ ಇಟ್ಟುಕೊಂಡೆ. "ಈಗಿನ ಕಾಲದಾಗ ಇದನ್ನೆಲ್ಲ ಯಾರ್ ನೋಡ್ತಾರವ್ವಾ" ಎಂದು ಅವರು ಬೆನ್ನು ಸವರಿದರು. ನಾನು ನಂಬಿದೆ.

ಎರಡು ತಿಂಗಳ ಮೇಲೆ ಎದುರು ಸಾಲಿನಲ್ಲಿ ಒಂದು ಸೀಮಂತ. ನಮ್ಮ ಗುಂಪಿನ ವಾಟ್ಸ್ಯಾಪಿನಲ್ಲಿ ಯಾವ ಬಣ್ಣದ ಸೀರೆ ಎಂದು ಮಾತಾಯಿತು. ಹಸಿರು ಎಂದು ತೀರ್ಮಾನವಾಯಿತು. ನಾನೂ ಪೆಟ್ಟಿಗೆಯಿಂದ ಒಂದು ತಿಳಿಹಸಿರು ಸೀರೆ ತೆಗೆದಿಟ್ಟೆ. ಕರೆಯಲು ಯಾರೂ ಬರಲಿಲ್ಲ. ಮೊದಲಾದರೂ ನನ್ನನ್ನು ಯಾರೂ ವಿಶೇಷವಾಗಿ ಕರೆಯುತ್ತಿರಲಿಲ್ಲ ಎನ್ನಿ. ಹೋಗುವುದು ಗೊತ್ತೇ ಇತ್ತು, ದಾರಿಯಲ್ಲಿ ಹೋಗುವವರು "ಹೊರಟ್ರಾ?" ಎಂದು ಬಾಗಿಲಲ್ಲಿ ಇಣುಕುತ್ತಿದ್ದರು. ಆವತ್ತು ನಮ್ಮ ಬಾಗಿಲ ಮುಂದೆ ಬಂದಾಗ ಅವರ ನಡಿಗೆ ಚುರುಕಾಯಿತು. ಸೀರೆ ಉಟ್ಟು ಕೂತವಳು ಉಟ್ಟೇ ಕೂತಿದ್ದೆ. ನೀನು ಬರಬೇಡ ಎಂದು ಯಾರೂ ಹೇಳಲಿಲ್ಲ. ಬಾ ಎಂದೂ ಹೇಳಲಿಲ್ಲ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಅಧ್ಯಕ್ಷೆ ಇದ್ದಿದ್ದರೆ ಹೋಗಿ ಕೊರಳಪಟ್ಟಿ ಹಿಡಿದು ಕೇಳಬಹುದಿತ್ತು. ಇಲ್ಲಿ ಯಾರ ಮನೆಯ ಬಾಗಿಲು ತಟ್ಟಲಿ? ಹಿತ್ತಲಿಗೆ ಹೋಗಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಗಣಿಯ ಮಣ್ಣು ಗುಡ್ಡೆ ಹಾಕಿದ ಡಂಪಿನ ಕಡೆಯಿಂದ ಗಾಳಿ ಬೀಸಿ ಬಟ್ಟೆಯ ಮೇಲೆಲ್ಲ ಬಿಳಿ ಧೂಳು ಕೂತಿತ್ತು, ಒದರುತ್ತ ನಿಂತಿದ್ದೆ. ಆಗ ಎದುರು ಸಾಲಿನಿಂದ ಹಾಡು ಕೇಳಿಸಿತು.

ನನ್ನ ಗಂಟಲು ಅದು. ನಾನು ಹಿತ್ತಲಲ್ಲಿ ನಿಂತಿದ್ದೇನೆ, ನಾನೇ ಅಲ್ಲಿ ಒಳಗೆ ಕೂತು ಹಸೆಗೆ ಕರೆಯುತ್ತಿದ್ದೇನೆ. ನನ್ನ ಸೊಲ್ಲನ್ನು ಅವರೆಲ್ಲ ಹಿಡಿದು ವಾಪಸು ಕೊಡುತ್ತಿದ್ದಾರೆ, ತಾಳ ಒಂದಿಷ್ಟೂ ತಪ್ಪಿಲ್ಲ. ಮೊದಲು ನನಗೆ ಹುಚ್ಚು ಹಿಡಿಯಿತು ಎಂದೇ ತಿಳಿದೆ. ಆಮೇಲೆ ಆ ಮೇಜು, ಆ ಲೋಟ ನೆನಪಾಯಿತು.

ಮರುದಿನ ಹುಬ್ಬಳ್ಳಿಯವರೂ ಮಂಡ್ಯದವಳೂ ತಟ್ಟೆಯಲ್ಲಿ ಒಬ್ಬಟ್ಟು ಹಿಡಿದು ಬಂದರು. ಹುಬ್ಬಳ್ಳಿಯವರು ನನ್ನ ಮುಖ ನೋಡದೆ ನೆಲದ ಮೊಸಾಯಿಕ್ ನೋಡುತ್ತ ಕೂತರು. ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ ಚಿಕ್ಕವಳ ಪಾಲಿಗೆ ಬಂದಿತ್ತು.

"ಅಕ್ಕ, ಏನೂ ಅಂದ್ಕೊಬೇಡಿ. ನಿನ್ನೆ ನಿಮ್ಮ ರೆಕಾರ್ಡಿಂಗ್ ಹಾಕಿದ್ವಿ. ಯಾರಿಗೂ ಎತ್ತೋಕೆ ಬರ್ಲಿಲ್ಲ, ಅದಕ್ಕೆ."

"ಕೇಳಿಸ್ತು."

"ಆವಾಗ ಅಣ್ಣ ಇದ್ರಲ್ಲ ಅಕ್ಕ. ಆವಾಗ ಹಾಡಿದ್ದು ಅಲ್ವಾ. ಅದಕ್ಕೆ ದೋಷ ಏನೂ ಇಲ್ಲ ಅಂದ್ರು."

"ಯಾರು ಅಂದ್ರು?"

"ಎಲ್ರೂ."

"ಎಲ್ಲರೂ ಅಂದ್ರೆ ಯಾರಮ್ಮ? ನೀನು ಅಂದ್ಯಾ?"

"ಅಯ್ಯೋ, ನಾನಲ್ಲ ಅಕ್ಕ."

"ಅಕ್ಕಾರು ಅಂದ್ರಾ?"

ಹುಬ್ಬಳ್ಳಿಯವರು ತಲೆ ಎತ್ತಿದರು. ಕಣ್ಣು ತುಂಬಿತ್ತು. "ನಾ ಯಾಕ ಅನ್ಲಿ ತಂಗಿ. ನೀವ ಬರಬೇಕಂತನ ನನ್ನ ಮನಸಿನಾಗ. ಆದ್ರ ಒಬ್ರು ಮುಖ ಹಿಂಗ್ ಮಾಡಿದ್ರ, ಬಸುರಿ ಹುಡಿಗಿ ನೋಡ್ರಿ, ನಾಳೆ ಏನರ ಹೆಚ್ಚುಕಡಿಮಿ ಆದ್ರ..." ಎಂದು ಅಲ್ಲಿಗೇ ನಿಲ್ಲಿಸಿದರು. ಯಾರ ಮುಖ, ಯಾವ ಮುಖ, ಅದನ್ನು ಹೇಳಲಿಲ್ಲ. ಬಹುಶಃ ಒಬ್ಬೊಬ್ಬರೂ ಇನ್ನೊಬ್ಬರ ಮುಖವನ್ನು ನೋಡಿ ಹೆದರಿದರೇ ಹೊರತು ಆ ಮುಖ ಮಾಡಿದವರು ಆ ಮನೆಯಲ್ಲಿ ಯಾರೂ ಇರಲೇ ಇಲ್ಲವೇನೋ. ಹತ್ತು ಜನ ಒಳ್ಳೆಯವರು ಒಟ್ಟಿಗೆ ಕೂತರೆ ಹೀಗೂ ಆಗುತ್ತದೆ ಎಂದು ನನಗೆ ಅಲ್ಲಿಯತನಕ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದು ಅಂದುಬಿಡಬೇಕು ಅನ್ನಿಸಿತು. ಆದರೆ ಆಕೆ ನನಗೆ ತುತ್ತಿಟ್ಟ ಕೈ ಮಡಿಲಲ್ಲಿತ್ತು.

"ಹಾಕ್ಕೊಳ್ಳಿ" ಎಂದೆ. ಒಬ್ಬಟ್ಟು ತಿನ್ನಲಿಲ್ಲ. ಸಂಜೆ ಬೀದಿಯ ಹಸುವಿಗೆ ಹಾಕಿದೆ.

ಅಲ್ಲಿಂದ ಮುಂದೆ ಎಲ್ಲ ಶುಭಕಾರ್ಯಕ್ಕೂ ಫೋನೇ ಹೋಯಿತು. ವಾಟ್ಸ್ಯಾಪಿನಿಂದ ನನ್ನನ್ನು ಯಾರೂ ತೆಗೆಯಲಿಲ್ಲ. ಆರತಿ ತಟ್ಟೆ ಹಿಡಿದ ಫೋಟೊಗಳು ನನಗೂ ಬರುತ್ತಿದ್ದವು, ಕೆಳಗೆ ಕೈಮುಗಿಯುವ ಚಿತ್ರಗಳು.

ಕ್ವಾರ್ಟರ್ಸ್ ಬಿಟ್ಟುಕೊಡುವ ಹೊತ್ತು ಬಂದಾಗ ಕೆ.ಜಿ.ಎಫ್.ನಲ್ಲೇ, ಮೈಸೂರು ಮೈನ್ಸ್ ಎನ್ನುವ ಹಳೆಯ ಗಣಿಯ ಕಡೆ ಒಂದು ಸಣ್ಣ ಮನೆ ಬಾಡಿಗೆಗೆ ಹಿಡಿದೆ. ಗಣಿ ಕೆಲಸಗಾರರ ಹಳೆಯ ಸಾಲುಮನೆಗಳಿಗೆ ಅಂಟಿಕೊಂಡು ಆಮೇಲೆ ಯಾರೋ ಕಟ್ಟಿಸಿದ್ದು. ಹಳ್ಳಿಗೇ ಬಂದುಬಿಡು ಎಂದ ನನ್ನ ತಮ್ಮ. ತವರಿಗೆ ಹಬ್ಬಕ್ಕೆ ಹೋಗಬೇಕು, ಇರಲು ಹೋಗಬಾರದು. ಪಕ್ಕದ ಮನೆಯಾಕೆ ತಮಿಳಿನವಳು, ನನ್ನ ಹಾಗೇ ಒಂಟಿ. ರಾಬರ್ಟ್‌ಸನ್‌ಪೇಟೆಯ ಅಂಗಡಿಗಳಿಗೆ ರವಿಕೆ ಹೊಲಿದು ಕೊಡುತ್ತಿದ್ದಳು. ಅವಳ ಕನ್ನಡಕ್ಕೆ ತಮಿಳಿನ ಬಾಲ, ನನ್ನ ಕನ್ನಡಕ್ಕೆ ತೆಲುಗಿನ ಕೊಂಬು, ಹೇಗೋ ಸಂಸಾರ ನಡೆಯುತ್ತಿತ್ತು.

ಒಂದು ಮಧ್ಯಾಹ್ನ ಆ ಸಾಲಿನಲ್ಲಿ ಒಬ್ಬ ಮುದುಕಿ ತೀರಿಕೊಂಡಳು. "ಅಕ್ಕಾ, ಸುಮ್ನೆ ವಾಂಗ. ಬಂದು ಕೂತ್ಕೊಂಡ್ರೆ ಸಾಕು" ಎಂದು ಪಕ್ಕದವಳು ಕರೆದಳು. ಬಹಳ ದಿನದ ಮೇಲೆ ಒಬ್ಬರು ನನ್ನನ್ನು ಒಂದು ಕಡೆಗೆ ಬಾ ಎಂದು ಕರೆದದ್ದು. ಹೋದೆ. ಹೆಣದ ಸುತ್ತ ಹೆಂಗಸರು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು ಕೂತು ಒಪ್ಪಾರಿ ಹೇಳುತ್ತಿದ್ದರು. ಸತ್ತವರನ್ನು ಕುರಿತು ಅಳುತ್ತಲೇ ಕಟ್ಟಿಕೊಂಡು ಹಾಡುವುದು ಅದು. ನಮ್ಮ ಹಳ್ಳಿಯಲ್ಲೂ ಇತ್ತು, ಅಜ್ಜಿಗೆ ಅದೂ ಬರುತ್ತಿತ್ತು. ಒಬ್ಬಳು ಎತ್ತುತ್ತಿದ್ದಳು, ಉಳಿದವರು ಹಿಡಿಯುತ್ತಿದ್ದರು. ಭಾಷೆ ಬೇರೆ, ರೀತಿ ಅದೇ.

ಎತ್ತುತ್ತಿದ್ದವಳಿಗೆ ಕೆಮ್ಮು ಬಂದು ಸುಮ್ಮನಾದಳು. ಯಾರೂ ಮುಂದಕ್ಕೆ ಎತ್ತಲಿಲ್ಲ. ನನಗೇ ಗೊತ್ತಿಲ್ಲದೆ ನಾನು ಎತ್ತಿದೆ. ತೆಲುಗು ಬೆರೆತ ನಮ್ಮ ಕನ್ನಡದಲ್ಲಿ, ಆ ಮುದುಕಿಯ ಹೆಸರು ಕೂಡ ತಿಳಿಯದೆ, ರಸ್ತೆಯ ತಿರುವಿನಲ್ಲಿ ಕೂತು ಏಳದೆ ಹೋದವರನ್ನು ಕುರಿತು. ಅವರು ನನ್ನ ಮಾತು ತಿಳಿಯದಿದ್ದರೂ ಸಾಲಿನ ಕೊನೆಯನ್ನು ಹಿಡಿದು ಎಳೆದರು. ಎಷ್ಟೋ ತಿಂಗಳಿಂದ ಗಂಟಲಲ್ಲಿ ಕಟ್ಟಿಕೊಂಡಿದ್ದದ್ದು ಕಿತ್ತು ಬಂತು. ಮುಗಿದ ಮೇಲೆ ಯಾರೋ ನನ್ನ ಕೈಗೆ ಟೀ ಕೊಟ್ಟರು. "ನಲ್ಲ ಗಂಟಲು ಅಕ್ಕಾ ನಿಮ್ಮದು. ಇನ್ಮೇಲೆ ಕರೀತೀನಿ" ಎಂದಳು ಪಕ್ಕದವಳು. ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು ಹೊಟ್ಟೆ ತುಂಬ ಉಂಡೆ. ಅವರು ಹೋದ ಮೇಲೆ ಹಾಗೆ ಉಂಡದ್ದು ಅದೇ ಮೊದಲು.

ಆಮೇಲೆ ಕರೆದಾಗಲೆಲ್ಲ ಹೋದೆ. ಗಣಿ ಮುಚ್ಚಿದ ಮೇಲೆ ಊರಲ್ಲಿ ಉಳಿದವರು ಹೆಚ್ಚಾಗಿ ವಯಸ್ಸಾದವರು, ಕರೆಗೆ ಬರವಿರಲಿಲ್ಲ. ಮದುವೆಗೆ ಬೇಡವಾದ ಗಂಟಲು ಮಸಣಕ್ಕೆ ಬೇಕಾಯಿತು ಎಂದು ನನ್ನಷ್ಟಕ್ಕೆ ನಾನೇ ಹೇಳಿಕೊಂಡು ನಗುತ್ತಿದ್ದೆ. ನಗು ಬರುತ್ತಿದ್ದದ್ದು ನಿಜ. ಒಮ್ಮೆ ರಾಬರ್ಟ್‌ಸನ್‌ಪೇಟೆಯ ಹೂವಿನ ಅಂಗಡಿ ಮುಂದೆ ಮಂಡ್ಯದವಳು ಸಿಕ್ಕಳು. "ಅಕ್ಕ, ನೀವು ಸಾವಿನ ಮನೆಗೆ ಹಾಡೋಕೆ ಹೋಗ್ತೀರಂತೆ?" ಎಂದಳು. ಹೌದು ಎಂದೆ. ಅವಳು ಕೈಯಲ್ಲಿದ್ದ ಮಲ್ಲಿಗೆ ಪೊಟ್ಟಣವನ್ನು ಇನ್ನೊಂದು ಕೈಗೆ ದಾಟಿಸಿದಳು, ನನ್ನಿಂದ ದೂರದ ಕೈಗೆ. ಬೇಕೆಂದು ಮಾಡಿದ್ದಲ್ಲ. ಅದು ನನಗೂ ಗೊತ್ತು.

ಮಗಳ ಫೋನು ಬಂದದ್ದು ಇಂಥ ಹೊತ್ತಿನಲ್ಲಿ. ಮಗಳು ಸುಮ್ಮನೆ ಹೇಳಿ ಬಿಡುವವಳಲ್ಲ. ಅತ್ತೆಗೂ ಹೇಳಿದ್ದಳು. ಬೀಗಿತಿ ಸ್ವತಃ ನನಗೆ ಫೋನ್ ಮಾಡಿದರು. ಹಸುವಿನ ಕೊಟ್ಟಿಗೆಯಿಂದಲೇ ಮಾತಾಡುತ್ತಿದ್ದರೆಂದು ಕಾಣುತ್ತದೆ, ನಡುನಡುವೆ ಹಸುವನ್ನೂ ಬೈಯುತ್ತಿದ್ದರು. ಅವರ ಮಾತಿನಲ್ಲೂ ಹಕಾರ ಬೀಳುತ್ತದೆ, ನನಗಿಂತ ಹೆಚ್ಚು.

"ಅಕ್ಕ, ಉಡ್ಗಿ ಏಳ್ತು. ನೀನ್ಯಾಕೆ ಇಂದೆ ಮುಂದೆ ನೋಡ್ತೀಯ?"

"ಬೇಡ ಬಿಡಿ, ನಾಲ್ಕು ಜನ ನಾಲ್ಕು ಮಾತಾಡ್ತಾರೆ."

"ಯಾವನು ಮಾತಾಡೋನು? ಎತ್ತ ತಾಯಿ ಬಾಯಾಗೆ ಕೆಟ್ಟದ್ದು ಬತ್ತದಾ ಎಲ್ಲಾನ? ನೀನು ಬಂದು ಆಡು. ಯಾರ್ ಏನಂತಾರೋ ನಾನ್ ನೋಡ್ಕೊತೀನಿ. ಏಯ್, ಕಾಲ್ ಎತ್ತೇ!" ಕೊನೆಯದು ಹಸುವಿಗೆ.

ಫೋನ್ ಇಟ್ಟು ತುಂಬ ಹೊತ್ತು ಅಳುತ್ತ ಕೂತೆ. ಕ್ವಾರ್ಟರ್ಸಿನಲ್ಲಿ ಅಷ್ಟು ಓದಿದ ಹೆಂಗಸರಿಗೆ ಬಾಯಿಗೆ ಬಾರದ ಮಾತನ್ನು ಸಗಣಿ ಕೈಯ ಹೆಂಗಸು ಹೇಳಿದ್ದಳು. ಹಾಡೇ ಹಾಡುತ್ತೇನೆ ಎಂದು ನಿಶ್ಚಯ ಮಾಡಿದೆ. ಹುಬ್ಬಳ್ಳಿಯವರಿಗೂ ಮಂಡ್ಯದವಳಿಗೂ ನಾನೇ ಫೋನ್ ಮಾಡಿ, ಮಗಳ ಸೀಮಂತ, ಗುಂಪು ಬರಬೇಕು, ಎತ್ತುವುದು ನಾನು, ಹಿಡಿಯುವುದು ನೀವು ಎಂದೆ. ಬರುತ್ತೇವೆ ಎಂದರು. ಖುಷಿಯಿಂದಲೇ ಅಂದರು.

ಮಾರನೆಯ ದಿನ ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಬಳೆ ಹಾಡು ಹೇಳಿ ನೋಡಿದೆ. ಮಾತೆಲ್ಲ ನೆನಪಿತ್ತು, ಒಂದಕ್ಷರ ಮರೆತಿರಲಿಲ್ಲ. ಆದರೆ ಆ ಹಾಡಿನ ಸಾಲು ಕೊನೆಗೆ ಮೇಲೇಳಬೇಕು, ಹಿಡಿಯುವವರು ಕೈ ಚಾಚಿ ತೆಗೆದುಕೊಳ್ಳುವ ಹಾಗೆ. ನನ್ನದು ಕೊನೆಗೆ ಇಳಿಯಿತು. ಇಳಿದು ಒಡೆಯಿತು. ಒಪ್ಪಾರಿಯಲ್ಲಿ ಒಡೆಯುವ ಹಾಗೆಯೇ. ಇನ್ನೊಮ್ಮೆ ಹೇಳಿದೆ, ಅದೇ. ಸಾಮಾನು ತೊಳೆಯುತ್ತ ಹೇಳಿದೆ, ಸೊಪ್ಪು ಬಿಡಿಸುತ್ತ ಹೇಳಿದೆ, ಬಿಸಿನೀರು ಕುಡಿದು ಹೇಳಿದೆ. ಕೆಲವು ಸಲ ಸರಿ ಬರುತ್ತಿತ್ತು, ಕೆಲವು ಸಲ ಜಾರುತ್ತಿತ್ತು. ಯಾವಾಗ ಜಾರುತ್ತದೆಂದು ಮೊದಲೇ ತಿಳಿಯುತ್ತಿರಲಿಲ್ಲ. ಗಂಟಲು ಆಯಾಸವಾಗಿದೆ, ನಾಲ್ಕು ದಿನ ಸಾವಿನ ಮನೆಗೆ ಹೋಗದಿದ್ದರೆ ಸರಿಯಾಗುತ್ತದೆ ಎಂದುಕೊಂಡೆ. ಪಕ್ಕದವಳು ಕರೆದಾಗ ಜ್ವರ ಎಂದು ಸುಳ್ಳು ಹೇಳಿದೆ.

ಸೀಮಂತ ಬೀಗರ ಹಳ್ಳಿಯ ಮನೆಯಲ್ಲಿ. ನಾನು ರಾಬರ್ಟ್‌ಸನ್‌ಪೇಟೆಯಲ್ಲಿ ಹಸಿರು ಗಾಜಿನ ಬಳೆ, ಮೊಗ್ಗಿನ ಜಡೆ ಕೊಂಡು ಗುಂಪಿನವರ ಜೊತೆಗೇ ವ್ಯಾನಿನಲ್ಲಿ ಹೋದೆ. ದಾರಿಯುದ್ದಕ್ಕೂ ಹಳೆಯ ಹಾಗೆ ಮಾತು, ಗೇಲಿ. ಬಂಗಾರಪೇಟೆಯ ಗೇಟಿನಲ್ಲಿ ರೈಲು ಹೋಗುವವರೆಗೆ ಕಾಯುವಾಗ ಹುಬ್ಬಳ್ಳಿಯವರು ನನ್ನ ಕೈ ಹಿಡಿದುಕೊಂಡೇ ಕೂತಿದ್ದರು. ಏನೂ ಆಗಿಲ್ಲವೇನೋ, ನಡುವಿನ ತಿಂಗಳುಗಳು ನನ್ನ ಭ್ರಮೆಯೇನೋ ಅನ್ನಿಸಿತು.

ಹಜಾರದಲ್ಲಿ ಹಸೆ ಬರೆದು ಮಣೆ ಹಾಕಿದ್ದರು. ಮಗಳು ಹಸಿರು ಸೀರೆಯಲ್ಲಿ ಬಂದು ನಿಂತವಳು ಕೂರಲಿಲ್ಲ, ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದ ಮೇಲೆ ಕೂತಳು. ಮಂಡ್ಯದವಳು ಅಭ್ಯಾಸಬಲದಿಂದ ಫೋನ್ ತೆಗೆದಳು. ಬೀಗಿತಿ ಬಿಡಲಿಲ್ಲ. "ಅದ್ಯಾಕಮ್ಮ ಪೆಟ್ಟಿಗೆ? ಜೀವ ಇರೋ ಮನ್ಸೀನೇ ಇಲ್ಲಿ ಅವ್ಳಲ್ಲ. ಒಳಿಕ್ಕಾಕು." ಎಲ್ಲರೂ ನಕ್ಕರು. ಫೋನು ಚೀಲ ಸೇರಿತು.

ಬಳೆ ತೊಡಿಸಲು ನನ್ನ ತಮ್ಮನ ಹೆಂಡತಿ ಕೂತಳು. ನಮ್ಮಲ್ಲಿ ಬಳೆ ಏರುವುದು ಹಾಡಿನ ಮೇಲೆ. ಎತ್ತುವವಳು ಎತ್ತುವಾಗ ಬಳೆಯನ್ನು ಬೆರಳುಗಳ ಗಂಟಿನ ತನಕ ತರಬೇಕು, ಎಲ್ಲರೂ ಹಿಡಿದಾಗ ಮಣಿಕಟ್ಟಿಗೆ ದಾಟಿಸಬೇಕು. ಹಾಡು ನಿಂತರೆ ಬಳೆಯೂ ನಿಲ್ಲಬೇಕು. ನಾನು ಗೋಡೆಗೆ ಒರಗಿ ನಿಂತು ಮೊದಲ ಸೊಲ್ಲು ಎತ್ತಿದೆ. ಮೇಲೆದ್ದಿತು. ನಿಜವಾಗಿಯೂ ಮೇಲೆದ್ದಿತು. ಇಡೀ ಹಜಾರ ಒಂದೇ ಬಾಯಿಂದ ಹಿಡಿಯಿತು, ಮೊದಲ ಬಳೆ ದಾಟಿತು, ಮಗಳು ಮುಖ ಎತ್ತಿ ನಕ್ಕಳು. ಅವರು ಹೋದ ಮೇಲೆ ನನಗೆ ಸಿಕ್ಕಿದ ಸುಖವೆಂದರೆ ಆ ಒಂದು ಸಾಲು.

ಎರಡನೆಯದು ಜಾರಿತು. ಸಾಲಿನ ಕೊನೆಯಲ್ಲಿ ಗಂಟಲು ತನ್ನಷ್ಟಕ್ಕೆ ಕೆಳಗಿಳಿದು, ಎಳೆದು, ಒಡೆಯಿತು. ಅದು ಏನು ಎಂದು ಅಲ್ಲಿದ್ದ ಎಲ್ಲ ಹೆಂಗಸರಿಗೂ ತಿಳಿಯಿತು, ಸಾವಿನ ಮನೆ ನೋಡದ ಹೆಂಗಸು ಯಾರಿದ್ದಾಳೆ? ಹಿಡಿಯಬೇಕಾದವರು ಹಿಡಿಯಲಿಲ್ಲ. ಬಳೆ ಬೆರಳ ಗಂಟಿನಲ್ಲೇ ನಿಂತಿತು. ಮಗಳ ಇನ್ನೊಂದು ಕೈ ಎದ್ದು ಹೊಟ್ಟೆಯ ಮೇಲೆ ಹೋಗಿ ಕೂತಿತು. ಮಗು ಒದ್ದಿತೋ ಏನೋ. ಅವಳು ಆಗಲೂ ನನ್ನನ್ನೇ ನೋಡುತ್ತಿದ್ದಳು, ನಗುತ್ತಲೇ ಇದ್ದಳು. ಕೈ ಎಲ್ಲಿ ಹೋಯಿತೆಂದು ಅವಳಿಗೇ ಗೊತ್ತಿರಲಿಲ್ಲ. ನನಗೆ ಮಾತ್ರ ಆ ಕೈ ಬಿಟ್ಟು ಬೇರೇನೂ ಕಾಣಲಿಲ್ಲ.

"ಎತ್ಕೊಳಕ್ಕ, ಯಾಕೆ ನಿಂತೆ?" ಎಂದರು ಬೀಗಿತಿ.

"ಎತ್ರಿ ತಂಗಿ. ನಾವು ಹಿಡೀತೀವಿ, ನೀವು ಎತ್ರಿ" ಎಂದರು ಹುಬ್ಬಳ್ಳಿಯವರು. ಅವರ ದನಿ ನಡುಗುತ್ತಿತ್ತು. ಆದರೂ ಅಂದರು. ಹಿಂದಿನಿಂದ ಇನ್ನೂ ಒಂದಿಬ್ಬರು ಎತ್ತಿ, ಎತ್ತಿ ಎಂದರು. ಯಾವ ಮಾತಿಗಾಗಿ ನಾನು ಅಷ್ಟು ತಿಂಗಳು ಕಾದಿದ್ದೆನೋ ಅದನ್ನು ಎಲ್ಲರೂ ಸೇರಿ ಹೇಳುತ್ತಿದ್ದರು. ದೋಷ ಎಂಬುದನ್ನು ನಾನು ನಂಬುವವಳಲ್ಲ ಎಂದು ತಿಳಿದುಕೊಂಡಿದ್ದೆ. ಅದೂ ಸುಳ್ಳಾಯಿತು. ನನ್ನ ಮಗಳು, ನನ್ನ ಗಂಟಲು, ಅವಳ ಹೊಟ್ಟೆಯಲ್ಲಿ ಆ ಜೀವ. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಎಂಬ ಮಾತು ನನ್ನ ತಲೆಯಲ್ಲಿ ನನ್ನದೇ ದನಿಯಲ್ಲಿ ಬಂತು.

"ಬೇಡ" ಎಂದೆ. "ಫೋನೇ ಹಾಕಿ."

ಮಂಡ್ಯದವಳ ಹತ್ತಿರ ನಾನೇ ಹೋಗಿ ಚೀಲದಿಂದ ಫೋನ್ ತೆಗೆದು ಕೈಗಿಟ್ಟೆ. ಹಾಕಿದಳು. ಫೋನಿನೊಳಗಿಂದ ಮುತ್ತೈದೆಯ ಗಂಟಲು ಎದ್ದಿತು. ಗಟ್ಟಿ ಗಂಟಲು, ಸಾಲಿನ ಕೊನೆ ಮೇಲೇರುವಂಥದ್ದು. ಎಲ್ಲರೂ ಹಿಡಿದರು. ಬಳೆಗಳು ಒಂದೊಂದಾಗಿ ದಾಟಿದವು, ಮಡಿಲು ತುಂಬಿತು, ಆರತಿ ಆಯಿತು. ನಾನು ಅಡುಗೆಯವರಿಗೆ ಎಲೆ ಒರೆಸಿಕೊಡಲು ಹಿತ್ತಲಿಗೆ ಹೋದೆ. ಊಟಕ್ಕೆ ನಾಲ್ಕು ಬಗೆಯ ಚಿತ್ರಾನ್ನ ಮಾಡಿದ್ದರು. ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು.

ಮಧ್ಯಾಹ್ನ ಗುಂಪಿನವರು ವ್ಯಾನು ಹತ್ತಿದರು. ಹೋಗುವ ಮುಂಚೆ ಹುಬ್ಬಳ್ಳಿಯವರು ನನ್ನನ್ನು ತಬ್ಬಿಕೊಂಡರು. ಅವರ ಮೈಯಲ್ಲಿ ಒಂದು ಭಾರ ಇಳಿದದ್ದು ನನಗೆ ಗೊತ್ತಾಯಿತು. ನಾನು ಆ ದಿನ ಅಲ್ಲೇ ಉಳಿದೆ. ಒಳಕೋಣೆಯಲ್ಲಿ ಮಗಳು ಒಂದು ಮಗ್ಗುಲಾಗಿ ಮಲಗಿದ್ದಳು. ಮೊಗ್ಗಿನ ಜಡೆ ಬಿಚ್ಚಿರಲಿಲ್ಲ. ನಾನು ಕಾಲ ಬಳಿ ಕೂತೆ. ಪಾದ ಊದಿಕೊಂಡಿತ್ತು, ಒತ್ತತೊಡಗಿದೆ. ನಿದ್ದೆ ಹೋಗಿದ್ದಾಳೆ ಎಂದುಕೊಂಡಿದ್ದೆ.

"ಅವರು ಯಾರಾದ್ರೂ ಬೇಡ ಅಂತಾರೆ ಅಂತ ಕಾಯ್ತಾ ಇದ್ದೆ ಅಮ್ಮ" ಎಂದಳು, ಗೋಡೆಯ ಕಡೆಗೇ ಮುಖ ಮಾಡಿ. "ಅಂದಿದ್ರೆ ಅಲ್ಲೇ ಎದ್ದು, ಬಳೆ ಕಿತ್ತು ಹಾಕಿ, ಎಲ್ರನ್ನೂ ಮನೆಯಿಂದ ಆಚೆ ಕಳಿಸ್ತಿದ್ದೆ. ಏನೇನು ಬೈಬೇಕು ಅಂತ ಕೂಡ ಯೋಚಿಸಿಟ್ಟಿದ್ದೆ. ನೀನೇ ಅಂದ್ಬಿಟ್ಟೆ. ಈಗ ನಾನು ಯಾರ ಜೊತೆ ಜಗಳ ಆಡ್ಲಿ?"

ನಾನು ಅವಳ ಕಾಲು ಒತ್ತುತ್ತಲೇ ಇದ್ದೆ.